ಮಾತ್ರೆ ಬದಲಿಸುವ ಮುನ್ನ ಪ್ರಮಾಣ ಹೆಚ್ಚಿಸಿ: ಸೀನು ಮತ್ತು ಪಿತ್ತದ ಗಂಧೆಯ ಚಿಕಿತ್ಸೆಯಲ್ಲಿ ನನ್ನ ಅನುಭವ

ಕೊಡಗಿನ ಗೋಣಿಕೊಪ್ಪಲಿನ ಆಸುಪಾಸಿನ ತೋಟಗಳ ನಡುವೆ ನಾನು ಸಾಮಾನ್ಯ ವೈದ್ಯನಾಗಿ ಕೆಲಸಕ್ಕೆ ಕುಳಿತು 19 ವರ್ಷಗಳಾದವು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಒಣಗದ ಈ ಸೀಮೆಯಲ್ಲಿ, ಬೂಷ್ಟು ಹಿಡಿದ ಹಾಸಿಗೆಯಿಂದ ಎದ್ದೊಡನೆ ಇಪ್ಪತ್ತು ಮೂವತ್ತು ಸಲ ಸೀನುವವರೂ, ಸಂಜೆಯಾಗುತ್ತಲೇ ಸೊಂಟ, ತೊಡೆಗಳ ಮೇಲೆ ಗಂಧೆ ಏಳುವವರೂ ನನ್ನ ಬಳಿ ಬರದ ದಿನವಿಲ್ಲ. ಮೊದಲ ಹತ್ತು ವರ್ಷ ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ: ಬಂದೊಡನೆ ಅಲರ್ಜಿಯ ಅವಿಲ್ ಮತ್ತು ಡೆಕ್ಸಾ ಎಂಬ ಸ್ಟೀರಾಯ್ಡ್ ಇಂಜೆಕ್ಷನ್, ಮನೆಗೆ ಐದು ದಿನಕ್ಕೆ ಹಳೆಯ ಅಲರ್ಜಿ ಮಾತ್ರೆ ಕ್ಲೋರ್‌ಫೆನಿರಮಿನ್, ಮತ್ತೆ ಬಂದರೆ ಬೇರೊಂದು ಕಂಪನಿಯ ಮಾತ್ರೆ. ರೋಗಿ ಮತ್ತೆ ಬರುತ್ತಿದ್ದ, ಇಂಜೆಕ್ಷನ್ ಕೇಳಿ ಪಡೆಯುತ್ತಿದ್ದ. ವರ್ಷಕ್ಕೆ ಹತ್ತು ಹನ್ನೆರಡು ಸಲ ಡೆಕ್ಸಾ ಹಾಕಿಸಿಕೊಂಡ ಒಬ್ಬ ತಾಯಿಯ ಸಕ್ಕರೆ ಪ್ರಮಾಣ ಮುನ್ನೂರು ದಾಟಿದ ದಿನ ನಾನು ಆ ದಾರಿಯನ್ನು ಬಿಟ್ಟೆ.

ಈಗ ನಾನು ಅನುಸರಿಸುವ ಕ್ರಮ ಸರಳವಾದದ್ದು. ರೋಗಿಯ ಕೆಲಸ, ಊಟದ ಹೊತ್ತು, ಮೂತ್ರಪಿಂಡದ ಸ್ಥಿತಿ, ಕೈಯಲ್ಲಿರುವ ಹಣ ಇವನ್ನು ನೋಡಿ ಎರಡನೆಯ ತಲೆಮಾರಿನ, ಅಂದರೆ ತೂಕಡಿಕೆ ಕಡಿಮೆ ತರುವ, ಒಂದೇ ಒಂದು ಆಂಟಿಹಿಸ್ಟಮಿನ್ (ಅಲರ್ಜಿ ತಡೆಯುವ ಮಾತ್ರೆ) ಆರಿಸುತ್ತೇನೆ. ಗಂಧೆ ಇರಲಿ ಇಲ್ಲದಿರಲಿ ಅದನ್ನು ದಿನವೂ ತೆಗೆದುಕೊಳ್ಳಲು ಹೇಳುತ್ತೇನೆ. ಆರು ವಾರ ಮೀರಿದ ಗಂಧೆ ಎರಡರಿಂದ ನಾಲ್ಕು ವಾರದಲ್ಲಿ ಹತೋಟಿಗೆ ಬಾರದಿದ್ದರೆ ಮಾತ್ರೆಯನ್ನು ಬದಲಿಸದೆ ಅದೇ ಮಾತ್ರೆಯ ಪ್ರಮಾಣವನ್ನು ಎರಡರಷ್ಟಕ್ಕೆ, ಅಗತ್ಯ ಬಿದ್ದರೆ ನಾಲ್ಕರಷ್ಟಕ್ಕೆ ಏರಿಸುತ್ತೇನೆ. ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುವುದೂ ಇದನ್ನೇ. ಆದರೂ ಮೊದಲ ಸಲ ದಿನಕ್ಕೆ ನಾಲ್ಕು ಮಾತ್ರೆ ಬರೆದಾಗ ಔಷಧಿ ಅಂಗಡಿಯಿಂದ ಚೀಟಿ ಹಿಂದಿರುಗಿ ಬಂತು. ಚೀಟಿಯ ಮೇಲೆ ‘ನಾಲ್ಕು’ ಎಂಬ ಅಂಕಿಗೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಲಾಗಿತ್ತು. ಪರಿಚಯದ ಇಬ್ಬರು ಹಿರಿಯ ವೈದ್ಯರು, ರೋಗಿಗಳನ್ನು ಮಲಗಿಸಿಬಿಡುತ್ತೀರಿ ಎಂದು ನೇರವಾಗಿಯೇ ಹೇಳಿದರು. ಅವರ ಆತಂಕ ಹಳೆಯ ಮಾತ್ರೆಗಳ ಮಟ್ಟಿಗೆ ನ್ಯಾಯವಾದದ್ದೇ ಆಗಿತ್ತು, ಏಕೆಂದರೆ ನಾನೇ ಅದರ ಫಲ ಉಂಡಿದ್ದೆ.

ಕಾಫಿ ಮೂಟೆಗಳನ್ನು ಕುಶಾಲನಗರಕ್ಕೆ ಸಾಗಿಸುವ ಪಿಕಪ್ ಚಾಲಕನೊಬ್ಬನಿಗೆ ಸೀನಿಗೆಂದು 4 ಮಿ.ಗ್ರಾಂ. ಕ್ಲೋರ್‌ಫೆನಿರಮಿನ್ ಅನ್ನು ದಿನಕ್ಕೆ ಮೂರು ಸಲ ಬರೆದಿದ್ದೆ. ಮೂರನೆಯ ದಿನ ಸುಂಟಿಕೊಪ್ಪದ ತಿರುವಿನಲ್ಲಿ ಗಾಡಿ ಚರಂಡಿಗೆ ಇಳಿಯಿತು. ಭುಜದ ಮೂಳೆ ಬಿರುಕು ಬಿಟ್ಟದ್ದನ್ನು ಬಿಟ್ಟರೆ ಹೆಚ್ಚಿನ ಅಪಾಯವಾಗಲಿಲ್ಲ. “ಡಾಕ್ಟ್ರೇ, ನಿದ್ದೆ ಬರ್ತಾ ಇದೆ ಅಂತಲೇ ಗೊತ್ತಾಗ್ಲಿಲ್ಲ” ಎಂದು ಅವನು ಹೇಳಿದ ಮಾತು ಈ ಔಷಧಿಗಳ ಬಗ್ಗೆ ನಾನು ಓದಿದ್ದಕ್ಕಿಂತ ಹೆಚ್ಚನ್ನು ಕಲಿಸಿತು. ಮಿದುಳಿಗೆ ದಾಟುವ ಈ ಮಾತ್ರೆಗಳು ತೂಕಡಿಕೆಯ ಅರಿವು ಮೂಡುವ ಮೊದಲೇ ಎಚ್ಚರವನ್ನು ಕುಂದಿಸುತ್ತವೆ. ಬೆಳಗಿನ ಜಾವ ಆನೆ ದಾಟುವ ತೋಟದ ದಾರಿಯಲ್ಲಿ ನಡೆದು ಕೆಲಸಕ್ಕೆ ಹೋಗುವವರಿಗೂ, ಮರಗಸಿಗೆ (ನೆರಳು ಮರದ ಕೊಂಬೆ ಸವರಲು) ಏಣಿ ಏರುವವರಿಗೂ ಅದನ್ನು ಬರೆಯುವುದನ್ನು ಅಂದಿನಿಂದ ನಿಲ್ಲಿಸಿದೆ. ಪ್ರಾಸ್ಟೇಟ್ ದೊಡ್ಡದಾದ ಅಜ್ಜನೊಬ್ಬರಿಗೆ ಅದೇ ಮಾತ್ರೆಯಿಂದ ಮೂತ್ರ ಕಟ್ಟಿ, ರಾತ್ರಿ ಕ್ಯಾತಿಟರ್ (ಮೂತ್ರ ಹೊರತೆಗೆಯುವ ನಳಿಕೆ) ಹಾಕಬೇಕಾಗಿ ಬಂದದ್ದೂ ನನ್ನ ಲೆಕ್ಕಕ್ಕೇ ಸೇರಿದೆ.

ಹೊಸ ಮಾತ್ರೆಗಳಲ್ಲಿಯೂ ತಪ್ಪಿದ್ದೇನೆ. ಅವುಗಳಲ್ಲಿ ಒಂದಾದ ಲೆವೊಸೆಟಿರಿಜಿನ್ ಬಹುಪಾಲು ಮೂತ್ರದ ಮೂಲಕವೇ ಹೊರಹೋಗುತ್ತದೆ ಎಂಬುದು ಗೊತ್ತಿದ್ದೂ, ಇಪ್ಪತ್ತು ವರ್ಷದ ಸಕ್ಕರೆ ಕಾಯಿಲೆಯ ಅಜ್ಜಿಗೆ ಕ್ರಿಯಾಟಿನಿನ್ (ಮೂತ್ರಪಿಂಡದ ಸ್ಥಿತಿ ತಿಳಿಸುವ ರಕ್ತಪರೀಕ್ಷೆ) ನೋಡದೆ 10 ಮಿ.ಗ್ರಾಂ. ಬರೆದೆ. ಎರಡು ದಿನ ಊಟಕ್ಕೆ ಎಬ್ಬಿಸಲೂ ಕಷ್ಟವಾಯಿತೆಂದು ಮಗ ಹೊತ್ತು ತಂದ. ಈಗ ಪ್ರಮಾಣ ಏರಿಸುವ ಮುನ್ನ ಕ್ರಿಯಾಟಿನಿನ್ ಕಡ್ಡಾಯ. ಮೂತ್ರಪಿಂಡ ದುರ್ಬಲವಾಗಿದ್ದರೆ ಬಿಲಾಸ್ಟಿನ್ ಎಂಬ ಇನ್ನೊಂದು ಹೊಸ ಮಾತ್ರೆಯ ಕಡೆ ತಿರುಗುತ್ತೇನೆ, ಆದರೆ ಅಂಥವರು ಹೃದಯದ ಮಾತ್ರೆ ಡಿಲ್ಟಿಯಾಜೆಮ್ ಅಥವಾ ಆಂಟಿಬಯೋಟಿಕ್ ಎರಿತ್ರೊಮೈಸಿನ್ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಕೊಡುವುದಿಲ್ಲ.

ಇನ್ನು ಹಣದ ಮಾತು. ನೆನಪಿನಿಂದ ಹೇಳುವುದಾದರೆ, ಲೆವೊಸೆಟಿರಿಜಿನ್ ಒಂದು ಮಾತ್ರೆಗೆ ಎರಡರಿಂದ ನಾಲ್ಕು ರೂಪಾಯಿ, ಬಿಲಾಸ್ಟಿನ್ 20 ಮಿ.ಗ್ರಾಂ.ಗೆ ಹತ್ತು ಹದಿನೈದು, ಫೆಕ್ಸೊಫೆನಡಿನ್ 180 ಮಿ.ಗ್ರಾಂ.ಗೆ ಇಪ್ಪತ್ತರ ಹತ್ತಿರ. ನಾಲ್ಕರಷ್ಟು ಫೆಕ್ಸೊಫೆನಡಿನ್ ಎಂದರೆ ದಿನಕ್ಕೆ ಎಂಬತ್ತು ರೂಪಾಯಿ. ನಾನೂರು ಐನೂರು ಕೂಲಿಯಲ್ಲಿ ತೋಟದ ಕಾರ್ಮಿಕರ ಲೈನ್ ಮನೆಯ ಸಂಸಾರ ನಡೆಸುವವಳು ಅದನ್ನು ಒಂದು ವಾರ ಕೊಂಡು ಎರಡನೆಯ ವಾರ ನಿಲ್ಲಿಸುತ್ತಾಳೆ, ಮತ್ತು ನಾವು ಔಷಧಿ ಸೋತಿತೆಂದು ಬರೆದುಕೊಳ್ಳುತ್ತೇವೆ. ಆದ್ದರಿಂದ ಕಾರ್ಮಿಕರಲ್ಲಿ ಲೆವೊಸೆಟಿರಿಜಿನ್‌ನಿಂದಲೇ ಶುರು ಮಾಡಿ, ಜನೌಷಧಿ ಕೇಂದ್ರದಿಂದ ತರಿಸುತ್ತೇನೆ. 2010ರಲ್ಲಿ ಪ್ರಕಟವಾದ ಬಲ್ಗೇರಿಯಾದ ಅಧ್ಯಯನವೊಂದರಲ್ಲಿ 80 ರೋಗಿಗಳಿಗೆ ಲೆವೊಸೆಟಿರಿಜಿನ್ ಅಥವಾ ಅದೇ ಬಗೆಯ ಡೆಸ್ಲೊರಾಟಡಿನ್ ಅನ್ನು ವಾರದಿಂದ ವಾರಕ್ಕೆ 5ರಿಂದ 10ಕ್ಕೆ, 20 ಮಿ.ಗ್ರಾಂ.ಗೆ ಏರಿಸಿ ನೋಡಿದ್ದರು. ಅದನ್ನು ಓದಿದ ಮೇಲೆಯೇ ನನಗೆ ಧೈರ್ಯ ಬಂದದ್ದು. ನನ್ನ ರೋಗಿಗಳಲ್ಲಿ ಹತ್ತರಲ್ಲಿ ನಾಲ್ಕೈದು ಮಂದಿಗೆ ದಿನಕ್ಕೊಂದು ಮಾತ್ರೆಯೇ ಸಾಕಾಯಿತು, ಉಳಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಪ್ರಮಾಣ ಏರಿಸಿದ ಮೇಲೆ ನೆಮ್ಮದಿಯಾಗಿ ಮಲಗಿದರು. ತೂಕಡಿಕೆ ಕಂಡರೆ ಇಡೀ ಪ್ರಮಾಣವನ್ನು ರಾತ್ರಿಗೆ ಹೊಂದಿಸುವ ನನ್ನದೇ ಒಂದು ಲೆಕ್ಕವಿದೆ. ಅದನ್ನು ಇನ್ನೊಂದು ಮಳೆಗಾಲ ಪರೀಕ್ಷಿಸುವವರೆಗೆ ಹೊರಗೆ ಹೇಳಲಾರೆ.

ಗುಣವಾಯಿತೋ ಇಲ್ಲವೋ ಎಂಬುದನ್ನು ಬಾಯಿಮಾತಿನ ಮೇಲೆ ಬಿಡಬಾರದು. ಏಳು ದಿನದ ಗಂಧೆ ಮತ್ತು ತುರಿಕೆಯ ಅಂಕಪಟ್ಟಿ ವೈದ್ಯರಿಗೆ ಗೊತ್ತಿರುವುದೇ: ದಿನಕ್ಕೆ ಎರಡಕ್ಕೂ ಸೊನ್ನೆಯಿಂದ ಮೂರರವರೆಗೆ ಅಂಕ, ವಾರಕ್ಕೆ ಹೆಚ್ಚೆಂದರೆ ಒಟ್ಟು 42. ಓದು ಬಾರದವರಿಗೆ ನಾನು ಕ್ಯಾಲೆಂಡರಿನ ಹಾಳೆ ಹರಿದು ಕೊಡುತ್ತೇನೆ: ಗಂಧೆಗೆ ಚುಕ್ಕಿ, ತುರಿಕೆಗೆ ಗೀಟು. ನಾಲ್ಕು ವಾರ ಕಳೆದು ಆ ಹಾಳೆಯನ್ನು ಸೆರಗಿನಿಂದ ಬಿಚ್ಚಿ ಮೇಜಿನ ಮೇಲೆ ಹರಡಿದಾಗ, ಮೊದಲ ಸಾಲಿನಲ್ಲಿ ಒತ್ತೊತ್ತಾಗಿದ್ದ ಚುಕ್ಕಿಗಳು ಕೆಳಗಿನ ಸಾಲಿನಲ್ಲಿ ಒಂದೆರಡಕ್ಕೆ ಇಳಿದಿರುವುದನ್ನು ನೋಡುವ ಸಂತೋಷ ನನಗೆ ದೊಡ್ಡದು.

ಇನ್ನೊಂದು ಅಭ್ಯಾಸ ಒಂದು ಸೋಲಿನಿಂದ ಬಂತು. ನಾಲ್ಕರಷ್ಟು ಪ್ರಮಾಣಕ್ಕೂ ಜಗ್ಗದ ಮಹಿಳೆಯೊಬ್ಬರಲ್ಲಿ ನಾನು ಒಂದು ತಿಂಗಳನ್ನೂ ಅವರ ಎರಡು ಸಾವಿರ ರೂಪಾಯಿಯನ್ನೂ ಹಾಳು ಮಾಡಿದೆ. ಕೊನೆಗೆ ಮುಂಗೈಯ ಒಂದು ಗಂಧೆಯ ಸುತ್ತ ಬಾಲ್‌ಪೆನ್ನಿನಿಂದ ಗೆರೆ ಎಳೆದು, ಪಕ್ಕದಲ್ಲಿ ‘ಬೆ. 10.20’ ಎಂದು ಬರೆದು ಕಳಿಸಿದೆ. ಮರುದಿನ ಗೆರೆಯೊಳಗೆ ಗಂಧೆ ಹಾಗೆಯೇ ಇತ್ತು. ಮೂರನೆಯ ದಿನ ಅಲ್ಲಿ ಕಂದು ಕಲೆ ಉಳಿದಿತ್ತು. ಸಾಮಾನ್ಯ ಗಂಧೆ 24 ಗಂಟೆಯೊಳಗೆ ಕಲೆಯಿಲ್ಲದೆ ಮಾಯವಾಗಬೇಕು. ಬಯಾಪ್ಸಿಯಲ್ಲಿ (ಚರ್ಮದ ಚೂರು ತೆಗೆದು ಮಾಡುವ ಪರೀಕ್ಷೆ) ರಕ್ತನಾಳದ ಉರಿಯೂತ ಕಂಡಿತು, ಅವರ ಚಿಕಿತ್ಸೆಯ ದಾರಿಯೇ ಬೇರೆಯಾಯಿತು. ಈಗ ಪ್ರತಿಯೊಬ್ಬರ ಮೊದಲ ಭೇಟಿಯಲ್ಲಿಯೇ ಪೆನ್ನು ಹೊರಗೆ ಬರುತ್ತದೆ. ತುಟಿ, ನಾಲಗೆ ಮಾತ್ರ ಊದಿ ಗಂಧೆ ಇಲ್ಲದವರಲ್ಲಿ ಮೊದಲು ಬಿ.ಪಿ. ಮಾತ್ರೆಯನ್ನು ನೋಡುತ್ತೇನೆ, ಎನಾಲಪ್ರಿಲ್, ರಾಮಿಪ್ರಿಲ್ ಇದ್ದರೆ ಅದನ್ನು ನಿಲ್ಲಿಸದೆ ಬೇರೆ ಏನು ಕೊಟ್ಟರೂ ವ್ಯರ್ಥ. ಕಣಜ ಕಚ್ಚಿ ಉಸಿರು ಕಟ್ಟಿದವರಿಗೆ ತೊಡೆಗೆ 0.5 ಮಿ.ಗ್ರಾಂ. ಅಡ್ರಿನಲಿನ್ ಮೊದಲು, ಆಂಟಿಹಿಸ್ಟಮಿನ್ ಆಮೇಲೆ.

ನಮ್ಮಲ್ಲಿ ಗಂಧೆ ಬಂದೊಡನೆ ಹಂದಿ ಮಾಂಸ, ಏಡಿ, ಕಣಿಲೆ (ಎಳೆ ಬಿದಿರು), ಅಣಬೆ ಎಲ್ಲವನ್ನೂ ಬಿಡಿಸುತ್ತಾರೆ. ತಿಂಗಳುಗಟ್ಟಲೆ ದಿನವೂ ಏಳುವ ಗಂಧೆಗೆ ಆಹಾರ ಕಾರಣವಾಗುವುದು ಅಪರೂಪ. ಕಾಫಿ ಕೊಯ್ಲಿನ ಮೈಕೈ ನೋವಿಗೆ ಅಂಗಡಿಯಿಂದ ತಂದು ನುಂಗುವ, ಗಂಧೆಯನ್ನು ಕೆರಳಿಸಬಲ್ಲ ಡೈಕ್ಲೊಫೆನಾಕ್, ಐಬುಪ್ರೊಫೆನ್ ಬಗ್ಗೆ ಯಾರೂ ಹೇಳುವುದಿಲ್ಲ, ಕೇಳಿಯೇ ತಿಳಿಯಬೇಕು. ಅದನ್ನು ಬಿಡಿಸಿ ಪ್ಯಾರಸಿಟಮಾಲ್‌ಗೆ ಬದಲಿಸಿದ ಮಾತ್ರಕ್ಕೆ ಅರ್ಧ ಪ್ರಮಾಣಕ್ಕೆ ಇಳಿದವರಿದ್ದಾರೆ. ದೊಡ್ಡಪತ್ರೆ ಸೊಪ್ಪಿನ ರಸ ಹಚ್ಚಿದರೆ ನನ್ನ ಆಕ್ಷೇಪವಿಲ್ಲ. ಕಂಬಳಿಯಿಂದ ಉಜ್ಜುವುದನ್ನು ಮಾತ್ರ ತಡೆಯುತ್ತೇನೆ. ಗೀರಿದಲ್ಲೇ ಗಂಧೆ ಏಳುವ ಮೈಯವರಿಗೆ ಆ ಕಂಬಳಿಯೇ ರೋಗವನ್ನು ಹೆಚ್ಚಿಸುತ್ತದೆ.

ಕಿತ್ತಳೆಯ ಪ್ರಯೋಗವನ್ನು ಹೇಳದಿದ್ದರೆ ಈ ಬರಹ ಪೂರ್ಣವಾಗದು. ತೋಟದ ಮಾಲೀಕರೊಬ್ಬರಿಗೆ ಫೆಕ್ಸೊಫೆನಡಿನ್ 120 ಮಿ.ಗ್ರಾಂ. ಮಳೆಗಾಲವಿಡೀ ಸೀನನ್ನು ಹಿಡಿದಿಟ್ಟಿತ್ತು. ಡಿಸೆಂಬರ್‌ನಲ್ಲಿ ಮಾತ್ರೆ ಕೆಲಸ ಮಾಡುತ್ತಿಲ್ಲವೆಂದು ಬಂದರು. ಧೂಳು, ನಾಯಿ, ಹೊಸ ಬಣ್ಣ ಎಲ್ಲವನ್ನೂ ವಿಚಾರಿಸಿದೆ. ಕೊನೆಗೆ ಅವರ ಪತ್ನಿ, ತಮ್ಮ ತೋಟದ ಕಿತ್ತಳೆ ಹಣ್ಣಾದಂದಿನಿಂದ ಬೆಳಿಗ್ಗೆ ಮಾತ್ರೆಯನ್ನು ಒಂದು ಲೋಟ ರಸದೊಂದಿಗೆ ನುಂಗುತ್ತಾರೆಂದು ತಿಳಿಸಿದರು. ಕಿತ್ತಳೆ, ಸೇಬಿನ ರಸಗಳು ಕರುಳಿನಲ್ಲಿ ಈ ಔಷಧಿಯನ್ನು ಒಳಗೆ ಒಯ್ಯುವ ವಾಹಕಗಳನ್ನು ತಡೆಯುತ್ತವೆ. ಅವರ ಒಪ್ಪಿಗೆಯಿಂದಲೇ ಎರಡು ವಾರ ನೀರು, ಎರಡು ವಾರ ರಸ, ಮತ್ತೆ ಎರಡು ವಾರ ನೀರು ಎಂದು ಬರೆಸಿದೆ: ಬೆಳಗಿನ ಸೀನು ನೀರಿನಲ್ಲಿ ನಾಲ್ಕೈದು, ರಸದಲ್ಲಿ ಹದಿನೈದರ ಮೇಲೆ. ಒಬ್ಬರ ಮೇಲಿನ ಪ್ರಯೋಗ ಯಾವ ನಿಯಮವನ್ನೂ ಸ್ಥಾಪಿಸದು, ಆದರೆ ನಾನು ಅಂದಿನಿಂದ ಚೀಟಿಯಲ್ಲಿ ‘ನೀರಿನಲ್ಲಿ ಮಾತ್ರ’ ಎಂದು ಬರೆಯುತ್ತೇನೆ. ಅಸಿಡಿಟಿಗೆ ಕುಡಿಯುವ ಅಲ್ಯುಮಿನಿಯಂ, ಮೆಗ್ನೀಷಿಯಂ ಔಷಧಿಗೂ ಎರಡು ಗಂಟೆ ಅಂತರ. ಬಿಲಾಸ್ಟಿನ್ ಇನ್ನೂ ಸೂಕ್ಷ್ಮ: ಊಟಕ್ಕೆ ಒಂದು ಗಂಟೆ ಮೊದಲು ಅಥವಾ ಎರಡು ಗಂಟೆ ನಂತರ. ಎಂಟಕ್ಕೆ ಅಕ್ಕಿ ರೊಟ್ಟಿ ತಿನ್ನುವವರಿಗೆ ಆರೂವರೆಗೆ ನುಂಗಲು ಹೇಳಿದರೆ ಸರಿಹೋಗುತ್ತದೆ.

ಮೂಗು ಕಟ್ಟುವುದೇ ಮುಖ್ಯ ತೊಂದರೆಯಾದವರಿಗೆ ಯಾವ ಆಂಟಿಹಿಸ್ಟಮಿನ್ ಮಾತ್ರೆಯೂ ಸಾಲದು. ಅವರಿಗೆ ಫ್ಲೂಟಿಕಾಸೋನ್‌ನಂಥ ಸ್ಟೀರಾಯ್ಡ್ ಸ್ಪ್ರೇಯನ್ನು ಮೂಗಿಗೆ ದಿನವೂ ಹೊಡೆಯಲು ಕಲಿಸಲು ನಾನು ಐದು ನಿಮಿಷ ಕೊಡುತ್ತೇನೆ; ಬಲ ಮೂಗಿಗೆ ಎಡಗೈ, ಎಡ ಮೂಗಿಗೆ ಬಲಗೈ. ಅಸ್ತಮಾಕ್ಕೂ ಬಳಸುವ ಮಾಂಟೆಲುಕಾಸ್ಟ್ ಸೇರಿಸಿದ ಜೋಡಿ ಮಾತ್ರೆಯನ್ನು ಸೀನಿಗೆಂದು ಬರೆಯುವುದನ್ನು ಬಿಟ್ಟಿದ್ದೇನೆ. ಎಂಟು ವರ್ಷದ ಹುಡುಗನೊಬ್ಬ ಅದನ್ನು ತೆಗೆದುಕೊಂಡ ಮೂರು ವಾರ ರಾತ್ರಿ ಕಿರುಚಿ ಏಳುತ್ತಿದ್ದ, ನಿಲ್ಲಿಸಿದ ಮೇಲೆ ಸರಿಯಾದ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2020ರಲ್ಲಿ ಇಂಥ ಮಾನಸಿಕ ಪರಿಣಾಮಗಳ ಬಗ್ಗೆ ಅತ್ಯಂತ ಕಠಿಣ ಎಚ್ಚರಿಕೆಯನ್ನೇ ಹಾಕಿಸಿತು.

ಕೊನೆಯದು ಮಾತ್ರೆ ಇಳಿಸುವ ವಿಚಾರ. ಮೂರು ತಿಂಗಳು ಹಾಳೆಯಲ್ಲಿ ಚುಕ್ಕಿ ಕಾಣದಿದ್ದರೆ ತಿಂಗಳಿಗೆ ಒಂದು ಮಾತ್ರೆಯಂತೆ ಇಳಿಸುತ್ತೇನೆ. ಮೊದಲು ಒಮ್ಮೆಲೇ ನಿಲ್ಲಿಸುತ್ತಿದ್ದೆ. ಕೆಲವರು ಎರಡೇ ದಿನದಲ್ಲಿ, ಗಂಧೆಯೇ ಇಲ್ಲದೆ, ವಿಪರೀತ ತುರಿಕೆಯೊಂದಿಗೆ ಬರುತ್ತಿದ್ದರು, ಮತ್ತು ನಾನು ಅದನ್ನು ರೋಗ ಮರುಕಳಿಸಿತೆಂದೇ ತಿಳಿಯುತ್ತಿದ್ದೆ. ಸೆಟಿರಿಜಿನ್ ಮತ್ತು ಲೆವೊಸೆಟಿರಿಜಿನ್ ಅನ್ನು ದೀರ್ಘಕಾಲ ಬಳಸಿ ನಿಲ್ಲಿಸಿದಾಗ ಅಪರೂಪಕ್ಕೆ ಹೀಗಾಗುತ್ತದೆಂದು 2025ರ ಮೇ ತಿಂಗಳಲ್ಲಿ ಅದೇ ಅಮೆರಿಕದ ಸಂಸ್ಥೆ ಎಚ್ಚರಿಸಿದಾಗ ಹಳೆಯ ನಾಲ್ಕೈದು ಮುಖಗಳು ನೆನಪಿಗೆ ಬಂದವು. ಡೆಕ್ಸಾದಿಂದ ಸಕ್ಕರೆ ಏರಿಸಿಕೊಂಡಿದ್ದ ಆ ತಾಯಿ ಈಗ ನಾಲ್ಕರಿಂದ ಒಂದು ಮಾತ್ರೆಗೆ ಇಳಿದಿದ್ದಾರೆ. ಆ ಒಂದನ್ನು ದಿನ ಬಿಟ್ಟು ದಿನ ಮಾಡುವುದನ್ನು ಕಾಫಿ ಕೊಯ್ಲು ಮುಗಿದ ಮೇಲೆ ಶುರು ಮಾಡೋಣವೆಂದು ಅವರೇ ಕೇಳಿದ್ದಾರೆ, ನಾನು ಒಪ್ಪಿದ್ದೇನೆ.