ಸ್ಲರಿಗಾಗಿ ಗೋಬರ್ ಗ್ಯಾಸ್

ಗೋಬರ್ ಗ್ಯಾಸ್ ಅಂದರೆ ಎಲ್ಲರಿಗೂ ಮೊದಲು ನೆನಪಾಗುವುದು ಒಲೆ. ನಾವು ಕಟ್ಟಿಸಿದ್ದು ಅಡಿಕೆ ತೋಟಕ್ಕೆ ಸ್ಲರಿ, ಅಂದರೆ ಗ್ಯಾಸ್ ಬಿಟ್ಟ ಮೇಲೆ ಗುಂಡಿಯಿಂದ ಹೊರಬರುವ ಸಗಣಿ ರಾಡಿ, ಬೇಕೆಂದು. ಕೊಟ್ಟಿಗೆಯಲ್ಲಿ 5 ದನ, ದಿನಕ್ಕೆ 2 ಘನ ಮೀಟರ್ ಗ್ಯಾಸ್ ಕೊಡುವ ದೀನಬಂಧು ಮಾದರಿಯ ಗುಂಡಿ. ದಿನಕ್ಕೆ 50 ಕೆಜಿ ಸಗಣಿ, 50 ಲೀಟರ್ ನೀರು. ಐದಾರು ಜನರ ಅಡುಗೆ ನಡೆಯುತ್ತದೆ, ಸುಮಾರು 100 ಲೀಟರ್ ಸ್ಲರಿ ಹೊರಗೆ ಬರುತ್ತದೆ.

ಜಾಗ ಆರಿಸುವಾಗ ಒಂದೇ ಲೆಕ್ಕ: ಕೊಟ್ಟಿಗೆಗಿಂತ ತಗ್ಗು, ತೋಟಕ್ಕಿಂತ ಎತ್ತರ, ದಿನವಿಡೀ ಬಿಸಿಲು. ಹೀಗಿದ್ದರೆ ಸ್ಲರಿ ಪಂಪಿಲ್ಲದೆ ಇಳಿಯುತ್ತದೆ.

ಮೊದಲ ಸಲ ತುಂಬಲು ಸುಮಾರು 2 ಟನ್ ಸಗಣಿ ಬೇಕು. ಹದಿನೈದು ದಿನದ ಸಗಣಿಯನ್ನು ಒಣಗದಂತೆ ಕೂಡಿಟ್ಟು, ಉಳಿದದ್ದನ್ನು ಪಕ್ಕದ ಮನೆಗಳಿಂದ ತಂದೆವು. ನಡೆಯುತ್ತಿರುವ ಗುಂಡಿಯ ಸ್ಲರಿ ಸಿಕ್ಕಷ್ಟು ಸೇರಿಸಿದರೆ ಹೆಪ್ಪು ಹಾಕಿದಂತೆ, ಬೇಗ ಹಿಡಿಯುತ್ತದೆ. ತುಂಬುವಾಗ ವಾಲ್ವ್ ತೆರೆದಿರಲಿ. ಮೊದಲ ಗ್ಯಾಸಿನಲ್ಲಿ ಗಾಳಿ ಬೆರೆತಿರುತ್ತದೆ, ಅದಕ್ಕೆ ಬೆಂಕಿ ತಾಗಿದರೆ ಸ್ಫೋಟವಾದೀತು. ಎರಡು ಮೂರು ಸಲ ಹೊರಗೆ ಬಿಟ್ಟ ಮೇಲೆ ಒಲೆಯಲ್ಲೇ ಹಚ್ಚಿ ನೋಡಬೇಕು, ವಾಲ್ವಿನ ಬಾಯಲ್ಲಿ ಎಂದೂ ಕಡ್ಡಿ ಗೀರಬಾರದು.

ದಿನನಿತ್ಯದ ಕೆಲಸದಲ್ಲಿ ಮುಖ್ಯವಾದದ್ದು ಕಲಸುವುದು. ಸಗಣಿಯ ಗಂಟು ಕೈಯಲ್ಲೇ ಒಡೆದು, ಹುಲ್ಲಿನ ಎಸಳನ್ನೆಲ್ಲ ಹೆಕ್ಕಿ ತೆಗೆಯಬೇಕು. ಒಳಗೆ ಹೋದ ಹುಲ್ಲು ಮೇಲೆ ತೇಲಿ ಕೆನೆಗಟ್ಟಿ, ಗ್ಯಾಸನ್ನು ಏಳಲು ಬಿಡುವುದಿಲ್ಲ. ಹದ ಉದ್ದಿನ ದೋಸೆ ಹಿಟ್ಟಿನದು. ನೀರುದೋಸೆಯ ಹದಕ್ಕೆ ತೆಳುವಾದರೆ ಗಟ್ಟಿ ಅಂಶ ತಳಕ್ಕೆ ಕೂರುತ್ತದೆ, ಉಳಿದದ್ದು ಕೊಳೆಯುವ ಮೊದಲೇ ಹೊರಬೀಳುತ್ತದೆ. ಕೊಟ್ಟಿಗೆ ತೊಳೆದ ನೀರನ್ನು ಗುಂಡಿಗೆ ಬಿಡಲೇಬಾರದು: ನೀರೂ ಹೆಚ್ಚು, ಫಿನೈಲ್ ಬಿದ್ದರೆ ಗ್ಯಾಸ್ ಮಾಡುವ ಬ್ಯಾಕ್ಟೀರಿಯಾ ಸಾಯುತ್ತವೆ. ಕೆಚ್ಚಲು ಬಾವಿಗೆ ಆ್ಯಂಟಿಬಯೋಟಿಕ್ ಕೊಟ್ಟ ದನದ ಸಗಣಿಯನ್ನೂ ಕೆಲವು ದಿನ ಬೇರೆಯೇ ಹಾಕುತ್ತೇವೆ.

ಒಲೆಯ ಉರಿ ಕುಣಿಯತೊಡಗಿದರೆ ಪೈಪಿನಲ್ಲಿ ನೀರು ನಿಂತಿದೆ ಎಂದೇ ಅರ್ಥ. ಗ್ಯಾಸಿನ ಆವಿ ತಣಿದು ಆಗುವ ನೀರು ಅದು. ಪೈಪಿಗೆ ಒಂದೇ ಕಡೆ ಇಳಿಜಾರು ಕೊಟ್ಟು, ತೀರಾ ತಗ್ಗಿನಲ್ಲಿ ಒಂದು ನಲ್ಲಿ ಹಾಕಿದ್ದೇವೆ. ವಾರಕ್ಕೊಮ್ಮೆ ತಿರುಗಿಸಿದರೆ ಸಾಕು. ಮಳೆಗಾಲದಲ್ಲಿ ಗುಂಡಿ ತಣ್ಣಗಾಗಿ ಗ್ಯಾಸ್ ಇಳಿಯುವುದು ಸಹಜ, ಆದರೆ ಸ್ಲರಿ ತೊಟ್ಟಿಗೆ ಮಳೆ ನೀರು ಬೀಳದಂತೆ ಮುಚ್ಚುವುದು ನಮ್ಮ ಕೈಯಲ್ಲಿದೆ. ಕಟ್ಟಿಕೊಂಡಿತೆಂದು ಯಾರೂ ಒಳಗೆ ಇಳಿಯಬೇಡಿ. ಖಾಲಿ ಕಂಡ ಗುಂಡಿಯಲ್ಲೂ ಉಸಿರಾಡಲು ಗಾಳಿ ಇರುವುದಿಲ್ಲ, ವಿಷಾನಿಲ ಇರುತ್ತದೆ.

ಇನ್ನು ಸ್ಲರಿ. ಲೀಟರಿನಲ್ಲಿ ಸುಮಾರು 1ರಿಂದ 1.5 ಗ್ರಾಂ ಸಾರಜನಕ. ಅಡಿಕೆ ಮರವೊಂದಕ್ಕೆ ವರ್ಷಕ್ಕೆ ಶಿಫಾರಸು 100 ಗ್ರಾಂ. ಅಂದರೆ 10 ಲೀಟರಿನಂತೆ ಎಂಟು ಹತ್ತು ಸಲ ಕೊಡಬೇಕು, ಒಂದು ಗುಂಡಿ ಮುನ್ನೂರು ಚಿಲ್ಲರೆ ಮರಕ್ಕೆ ಸಾಕು. ಸಾರಜನಕದ ಒಂದು ಪಾಲು ಅಮೋನಿಯಾ ರೂಪದಲ್ಲಿದೆ, ಬಿಸಿಲಿಗೆ ಒಣಹಾಕಿದರೆ ಅದು ಹಾರಿಹೋಗುತ್ತದೆ. ಆದ್ದರಿಂದ ಅಷ್ಟೇ ನೀರು ಬೆರೆಸಿ ಸಂಜೆ ಬುಡಕ್ಕೆ ಹೊಯ್ದು, ಕೂಡಲೇ ಸೋಗೆ ಇಲ್ಲವೇ ದರಗು (ಒಣಗಿದ ಎಲೆ) ಮುಚ್ಚುತ್ತೇವೆ. ಪೊಟ್ಯಾಷ್ ಇದೊಂದರಿಂದಲೇ ಪೂರೈಸುವುದಿಲ್ಲ, ಬಚ್ಚಲೊಲೆಯ ಬೂದಿಯನ್ನು ಬೇರೆ ದಿನ ಹಾಕಬೇಕು. ಸ್ಲರಿಗೇ ಬೆರೆಸಿದರೆ ಅಮೋನಿಯಾ ಇನ್ನೂ ಬೇಗ ಹಾರುತ್ತದೆ.

ಜಡಿಮಳೆಯಲ್ಲಿ ತೋಟಕ್ಕೆ ಹೊಯ್ದದ್ದು ಹಳ್ಳಕ್ಕೆ ಹೋಗುತ್ತದೆ. ಆಗ ಮಾಡಿನ ಕೆಳಗೆ ದರಗಿನ ಪದರದ ಮೇಲೆ ಸ್ಲರಿ ಹೊಯ್ಯುತ್ತ ಹೋದರೆ ದೀಪಾವಳಿ ಹೊತ್ತಿಗೆ ಕೈಯಲ್ಲಿ ಹುಡಿಯಾಗುವ ಗೊಬ್ಬರ ಸಿದ್ಧ.