ಹಳೇ ಅರದ ಚಾಕುಗೆ ಹದ ಕೊಡೋದು ಹೇಗೆ

ಪುಣೆಯ ಜೂನಾ ಬಜಾರ್‌ಗೆ ಭಾನುವಾರ ಇಲ್ಲಾ ಬುಧವಾರ ಹೋದ್ರೆ ಹಳೇ ಟೂಲ್‌ಗಳ ರಾಶಿನೇ ಬಿದ್ದಿರತ್ತೆ, ಆದ್ರೆ ಕೈಗೆ ಸಿಕ್ಕಿದ್ದೆಲ್ಲ ಚಾಕು ಆಗಲ್ಲ. ಮೊದಲನೇ ಚಾಕುಗೆ ಹಳೇ ಅರ (ಲೋಹ ಉಜ್ಜೋ ಫೈಲ್) ತಗೊಳ್ಳಿ, ಒಳ್ಳೆ ಅರದಲ್ಲಿ ಕಾರ್ಬನ್ 1 ಪರ್ಸೆಂಟ್ ಆಸುಪಾಸು ಇರತ್ತೆ. ಲಾರಿ ಕಮಾನ್ ಪ್ಲೇಟ್ ಮಚ್ಚಿಗೆ ಚೆನ್ನಾಗಿರತ್ತೆ. ಡ್ರಿಲ್ ಬಿಟ್‌ನ ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಬೇಡ, ಅದಕ್ಕೆ 1200 ಡಿಗ್ರಿ ಹತ್ರ ಶಾಖ ಬೇಕು. ಪಳಪಳ ಪ್ಲೇಟಿಂಗ್ ಇರೋ ಸ್ಪ್ಯಾನರ್, ಜಿಂಕ್ ಹಚ್ಚಿರೋ ಸಾಮಾನು ಬೆಂಕಿಗೆ ಹಾಕ್ಲೇಬೇಡಿ, ಆ ಹೊಗೆ ವಿಷ.

ಅಗ್ಗದ ಅರಗಳಲ್ಲಿ ಕೆಲವಕ್ಕೆ ಮೇಲಿನ ಪದರ ಮಾತ್ರ ಗಟ್ಟಿ, ಒಳಗೆಲ್ಲ ಮೆತ್ತಗಿನ ಕಬ್ಬಿಣ. ತುದಿಯ ಒಂದು ತುಂಡು ಕಟ್ ಮಾಡಿ, ಕೆಂಪಗೆ ಕಾಸಿ ಎಣ್ಣೆಗೆ ಹಾಕಿ, ವೈಸ್‌ನಲ್ಲಿ ಹಿಡಿದು ಸುತ್ತಿಗೇಲಿ ಹೊಡೀರಿ: ಗಾಜಿನ ತರ ಪಟ್ ಅಂತ ಮುರಿದ್ರೆ ಕೆಲಸಕ್ಕೆ ಬರತ್ತೆ, ಬಾಗಿದ್ರೆ ಗುಜರಿಗೆ ಹಾಕಿ.

ಆಮೇಲೆ ಅರವನ್ನ ಕೆಂಪಗೆ ಕಾಸಿ ಬೂದಿಯಲ್ಲಿ ಹೂತು ರಾತ್ರಿಯೆಲ್ಲ ಬಿಡಿ, ಮೆತ್ತಗಾಗತ್ತೆ, ಆಗ್ಲೇ ಆಕಾರ ಕೊಟ್ಟು ಹಿಡಿಕೆಯ ತೂತೂ ಹಾಕ್ಬಿಡಿ. ಅಂಚನ್ನ ಮಾತ್ರ ಈಗ್ಲೇ ಚೂಪು ಮಾಡಬೇಡಿ, ಒಂದು ಮಿಲಿಮೀಟರ್ ಹತ್ರ ದಪ್ಪ ಇರ್ಲಿ, ಇಲ್ಲಾಂದ್ರೆ ಎಣ್ಣೇಲಿ ಸೊಟ್ಟ ಆಗತ್ತೆ ಇಲ್ಲಾ ಬಿರುಕು ಬಿಡತ್ತೆ.

ಈಗ ನಿಜವಾದ ಕೆಲಸ, ಅಂದ್ರೆ ಬ್ಲೇಡ್ ಕಾಸಿ ಎಣ್ಣೇಲಿ ಅದ್ದಿ ಗಟ್ಟಿ ಮಾಡೋದು. ಪುಣೆ ಹತ್ರದ ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದ ಕಡೆ ವರ್ಕ್‌ಶಾಪಲ್ಲಿರೋ ನಮ್ಮೋರಿಗೆ ಮಫಲ್ ಫರ್ನೇಸ್ (ಬೇಕಾದ ಡಿಗ್ರಿಗೆ ಸೆಟ್ ಮಾಡೋ ಮುಚ್ಚಿದ ಕುಲುಮೆ) ಸಿಕ್ಕರೆ 800 ಡಿಗ್ರಿ ಸೆಟ್ ಮಾಡಿದ್ರೆ ಮುಗೀತು, ಇಲ್ಲದೋರಿಗೆ ಇದ್ದಿಲು, ಬ್ಲೋವರ್, ಒಂದು ಮ್ಯಾಗ್ನೆಟ್ ಸಾಕು. ಬಿಸಿಲಲ್ಲಿ ಬೇಡ, ಸಂಜೆ ಕತ್ತಲಾದ ಮೇಲೆ ಕಾಸಿ, ಹಗಲಲ್ಲಿ ಕೆಂಪು ಬಣ್ಣ ಕಣ್ಣಿಗೆ ಮೋಸ ಮಾಡತ್ತೆ. ಗಮನ ಇಟ್ಟು ನೋಡಿದ್ರೆ ಬ್ಲೇಡ್ ಒಳಗೆ ಕಪ್ಪು ನೆರಳೊಂದು ಹರಿದಾಡತ್ತೆ, ಅದು ಸ್ಟೀಲ್ ಒಳಗಿನ ರಚನೆ ಬದಲಾಗ್ತಿರೋದು, ನೆರಳು ಪೂರ್ತಿ ಕರಗಿ ಎಲ್ಲಾ ಕಡೆ ಒಂದೇ ಕೆಂಪು ಬಂದಾಗ ಹೊತ್ತು ಹತ್ರ ಬಂತು ಅಂತ. ಮ್ಯಾಗ್ನೆಟ್ ಹಿಡಿಯೋದು 770 ಡಿಗ್ರಿ ಹತ್ರ ನಿಂತುಹೋಗತ್ತೆ, ಅಲ್ಲಿಂದ ಒಂಚೂರು ಮೇಲೆ ಹೋಗ್ಲಿ, ಅಷ್ಟೇ. ಹಳದಿ ಬರೋವರೆಗೂ ಕಾಸೋರು ಸ್ಟೀಲ್ ಹಾಳು ಮಾಡ್ತಾರೆ, ಒಳಗಿನ ಕಣ ದಪ್ಪ ಆಗಿ ಅಂಚು ಉದುರತ್ತೆ.

ಶೇಂಗಾ ಎಣ್ಣೆ ಮೊದಲೇ 50–60 ಡಿಗ್ರಿ ಬೆಚ್ಚಗಿಟ್ಟಿರಿ, ಆಳವಾದ ಲೋಹದ ಡಬ್ಬ, ಪಕ್ಕದಲ್ಲೇ ಮುಚ್ಚಳ, ಯಾಕಂದ್ರೆ ಎಣ್ಣೆ ಹೊತ್ಕೊಳ್ಳೋದುಂಟು, ಫ್ಲಾಟ್ ಬಾಲ್ಕನೀಲಿ ಈ ಕೆಲಸ ಖಂಡಿತ ಬೇಡ. ನೀರಿಗೆ ಹಾಕಬೇಡಿ, ಬಿರುಕು ಬಿಡೋ ಚಾನ್ಸ್ ಜಾಸ್ತಿ. ತುದಿ ಮುಂದಾಗಿ ನೇರವಾಗಿ ಇಳಿಸಿ, ಮೇಲೆ ಕೆಳಗೆ ಆಡಿಸಿ, ಅಡ್ಡಡ್ಡ ಅಲ್ಲಾಡಿಸಬೇಡಿ. ತಣ್ಣಗಾದ ಮೇಲೆ ಇನ್ನೊಂದು ಅರದಲ್ಲಿ ಉಜ್ಜಿದ್ರೆ ಅರ ಕಚ್ಚದೆ ಜಾರಬೇಕು.

ಇಲ್ಲಿಗೆ ನಿಲ್ಲಿಸಬೇಡಿ, ಪ್ಲೀಸ್! ಈ ಸ್ಥಿತೀಲಿ ಚಾಕು ನೆಲಕ್ಕೆ ಬಿದ್ರೂ ಮುರೀಬಹುದು, ಅದಕ್ಕೆ ಅವತ್ತೇ, ಆ ಕ್ಷಣವೇ ಓವನ್‌ಗೆ. ಓಟಿಜಿ (ಮನೆಯ ಕರೆಂಟ್ ಓವನ್) ಡಯಲ್ ನಂಬದೆ ಒಳಗೊಂದು ಥರ್ಮಾಮೀಟರ್ ಇಡಿ, 200 ಡಿಗ್ರಿ, 2 ತಾಸು, ತಣ್ಣಗಾಗಲು ಬಿಟ್ಟು ಮತ್ತೆ 2 ತಾಸು. ಒಂದು ಕಡೆ ಪಾಲಿಶ್ ಮಾಡಿಟ್ಟಿದ್ರೆ ಅಲ್ಲಿ ತೆಳು ಹುಲ್ಲಿನ ಹಳದಿ ಬಣ್ಣ ಕಾಣತ್ತೆ. ಮಚ್ಚಿಗಾದ್ರೆ 230 ಹತ್ರ ಇಡಿ, ಏಟು ತಡೀಬೇಕಲ್ಲ.

ಕೊನೆಗೆ ಸಾಣೆ ಹಿಡಿಯುವಾಗ ಬರಿಗೈಲಿ ಹಿಡಿದು, ಆಗಾಗ ನೀರಲ್ಲಿ ಅದ್ದಿ. ಅಂಚಲ್ಲಿ ನೀಲಿ ಕಂಡ್ರೆ ಅಲ್ಲಿನ ಹದ ಹೋಯ್ತು, ಆ ಭಾಗ ಪೂರ್ತಿ ಸವೆಸಿ ತೆಗೀಬೇಕಾಗತ್ತೆ.