ಅಪ್ಪನ ಮನೆಯಲ್ಲಿ ಕೂತ ನೆಂಟರನ್ನು ಬಿಡಿಸುವುದು ಹೇಗೆ? ಮೊದಲು ಪಾಲು ಎಣಿಸಿ

ಮನೆ ಬಿಡಿಸುವ ಮಾತು ಬಂದರೆ ಎಲ್ಲರೂ ಮೊದಲು ಕೇಳುವುದು "ಒಳ್ಳೆ ವಕೀಲರು ಯಾರಾದರೂ ಗೊತ್ತಾ?" ಅಂತ. ವಕೀಲರು ಆಮೇಲೆ. ಮನೆಯಲ್ಲಿ ಇರುವವರಿಗೆ ಆ ಮನೆಯಲ್ಲಿ ಪಾಲು ಇದೆಯಾ, ಇಲ್ಲವಾ? ಇದು ಮೊದಲು ಗೊತ್ತಾಗಬೇಕು. ಪಾಲು ಇದ್ದರೆ ಅವರನ್ನು ಹೊರಗೆ ಹಾಕಲು ಆಗುವುದಿಲ್ಲ, ಪಾಲು ಮಾಡಿಕೊಳ್ಳಬಹುದು ಅಷ್ಟೇ. ಪಾಲು ಇಲ್ಲದಿದ್ದರೆ ಬಿಡಿಸಬಹುದು. ಎರಡೂ ಬೇರೆ ಬೇರೆ ದಾರಿ. ತಪ್ಪು ದಾರಿ ಹಿಡಿದರೆ ಹತ್ತು ವರ್ಷ ಕೋರ್ಟಿನ ಮೆಟ್ಟಿಲ ಮೇಲೆ ಹೋಗುತ್ತದೆ.

ನಾನು ವಕೀಲೆ ಅಲ್ಲ, ಹಾಸನದಲ್ಲಿ ಹೈಸ್ಕೂಲ್ ಟೀಚರ್. ಅರಸೀಕೆರೆಯಲ್ಲಿ ಅಪ್ಪ ಕಟ್ಟಿಸಿದ ಮನೆ ನಮ್ಮದು. ಅಪ್ಪ ರೈಲ್ವೆಯಲ್ಲಿದ್ದರು. ಸೋದರತ್ತೆಯ ಮಗ, ನಮಗೆ ಭಾವ, ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುವ ಕೆಲಸಕ್ಕೆ ಬಂದಾಗ ಅಪ್ಪ ಮುಂದಿನ ಎರಡು ರೂಮು ಬಿಟ್ಟುಕೊಟ್ಟರು. ಬಾಡಿಗೆ ಇಲ್ಲ, ಕಾಗದ ಇಲ್ಲ. ಅವರಿಗೆ ಮದುವೆಯಾಯಿತು, ಮಕ್ಕಳಾದವು. ಅಪ್ಪ ವಿಲ್ ಬರೆಯದೆ ತೀರಿಕೊಂಡರು. ಅಮ್ಮ ತಮ್ಮನ ಜೊತೆ ಬೆಂಗಳೂರಿಗೆ ಹೋದರು. ಎರಡು ರೂಮು ಹೋಗಿ ಇಡೀ ಮನೆ ಭಾವನದಾಯಿತು.

ಪಾಲು ಎಣಿಸುವುದು

ನಮ್ಮಂಥವರಿಗೆ ಲೆಕ್ಕ ಸಿಗುವುದು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ. (ಮುಸ್ಲಿಮರಿಗೆ, ಕ್ರೈಸ್ತರಿಗೆ ಲೆಕ್ಕ ಬೇರೆ.) ಅಪ್ಪ ಸ್ವಂತ ದುಡಿಮೆಯಲ್ಲಿ ಮಾಡಿದ ಮನೆ, ವಿಲ್ ಇಲ್ಲ ಅಂದರೆ ಹೆಂಡತಿ, ತಾಯಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಎಲ್ಲರಿಗೂ ಸಮಪಾಲು. ಅಜ್ಜಿ ಮೊದಲೇ ಹೋಗಿದ್ದರು. ಹಾಗಾಗಿ ಅಮ್ಮ, ನಾನು, ತಂಗಿ, ತಮ್ಮ, ಒಟ್ಟು 4 ಪಾಲು. ಅಕ್ಕತಂಗಿಯರ ಮಕ್ಕಳು ಬರುವುದು ಎರಡನೇ ದರ್ಜೆಯ ವಾರಸುದಾರರಲ್ಲಿ. ಮೊದಲ ದರ್ಜೆಯವರು ಒಬ್ಬರಿದ್ದರೂ ಅವರಿಗೆ ಏನೂ ಬರುವುದಿಲ್ಲ. ಭಾವನ ಪಾಲು ಸೊನ್ನೆ.

ಇದು ಭಾವನಿಗೂ ಗೊತ್ತಿತ್ತು. ಅದಕ್ಕೇ ಅವರು ಹೇಳಿದ್ದು, "ಸೈಟು ತಗೊಂಡಿದ್ದು ತಾತನ ಜಮೀನು ಮಾರಿದ ದುಡ್ಡಲ್ಲಿ" ಅಂತ. ಸಣ್ಣ ಮಾತು ಅಂದುಕೊಳ್ಳಬೇಡಿ. ಮನೆ ತಾತನ ಆಸ್ತಿ ಅಂತಾದರೆ ತಾತನ ಮಗಳಾದ ಅವರಮ್ಮನ ಹಕ್ಕಿನ ಪ್ರಶ್ನೆ ಏಳುತ್ತದೆ. ಅವರ ಮೂಲಕ ಮಗನೂ ಪಾಲು ಕೇಳಬಹುದು. ಆಗ ಬಿಡಿಸುವ ಮಾತೇ ಇಲ್ಲ.

ಇಲ್ಲಿ ಕೈಹಿಡಿಯುವುದು ಹಳೇ ಕಾಗದ. ಸೈಟಿನ ಕ್ರಯಪತ್ರ ಅಪ್ಪನ ಹೆಸರಲ್ಲೇ ಇತ್ತು. ಅದಕ್ಕಿಂತ ಜಾಸ್ತಿ ಉಪಯೋಗಕ್ಕೆ ಬಂದದ್ದು ಟ್ರಂಕಿನಲ್ಲಿದ್ದ ರೈಲ್ವೆಯ ಮನೆ ಕಟ್ಟುವ ಮುಂಗಡದ ಆದೇಶ, ಸಂಬಳದಲ್ಲಿ ಅದನ್ನು ಮುರಿದುಕೊಂಡ ಚೀಟಿಗಳು. ದುಡ್ಡು ಎಲ್ಲಿಂದ ಬಂತು ಅನ್ನುವುದನ್ನು ತೋರಿಸುವ ಕಾಗದ ಯಾವುದೇ ಇರಲಿ, ರದ್ದಿಗೆ ಹಾಕಬೇಡಿ.

ಇನ್ನೊಂದು ಕಡೆ ಜನ ಎಡವುತ್ತಾರೆ. ಅಣ್ಣ ತೀರಿಕೊಂಡ, ಅತ್ತಿಗೆ ಮಕ್ಕಳನ್ನು ಇಟ್ಟುಕೊಂಡು ಅಪ್ಪನ ಮನೆಯಲ್ಲೇ ಇದ್ದಾರೆ. "ಅವಳು ಹೊರಗಿನವಳು, ಬಿಡಿಸೋಣ" ಅಂತ ಹೊರಡುತ್ತಾರೆ. ಅಪ್ಪನಿಗಿಂತ ಮೊದಲೇ ಅಣ್ಣ ಹೋಗಿದ್ದರೂ ಅವನಿಗೆ ಬರಬೇಕಾದ ಪಾಲು ಅತ್ತಿಗೆಗೂ ಮಕ್ಕಳಿಗೂ ಸೇರುತ್ತದೆ. ಅಪ್ಪ ಹೋದಮೇಲೆ ಅಣ್ಣ ಹೋಗಿದ್ದರೂ ಅವರಿಗೆ ಪಾಲು ಇದ್ದೇ ಇರುತ್ತದೆ. ಪಾಲು ಬೇರೆ ಮಾತು, ವಾಸದ ಹಕ್ಕೇ ಇನ್ನೊಂದಿದೆ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಸೊಸೆ ಗಂಡನ ಮನೆಯಲ್ಲಿ ವಾಸಿಸುವ ಹಕ್ಕು ಕೇಳಬಹುದು, ಮನೆ ಅತ್ತೆ ಮಾವನ ಹೆಸರಲ್ಲಿದ್ದರೂ ಸಹ. ಬೆಂಗಳೂರಿನದೇ ಒಂದು ಕೇಸು, ವನಿತಾ ಪ್ರಕರಣ, ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಹಿರಿಯ ನಾಗರಿಕರ ಕಾಯ್ದೆ ಹಿಡಿದುಕೊಂಡು ಸೊಸೆಯ ಈ ಹಕ್ಕನ್ನು ತಳ್ಳಿಹಾಕುವಂತಿಲ್ಲ ಅಂತ 2020ರ ಡಿಸೆಂಬರಿನಲ್ಲಿ ತೀರ್ಪು ಬಂತು.

ಹೆಣ್ಣುಮಕ್ಕಳ ವಿಷಯಕ್ಕೆ ಒಂದೇ ಮಾತು. ಪಿತ್ರಾರ್ಜಿತದಲ್ಲಿ ಮಗಳಿಗೂ ಹುಟ್ಟಿನಿಂದಲೇ ಹಕ್ಕು, ಉತ್ತರಾಧಿಕಾರ ಕಾಯ್ದೆಗೆ ತಿದ್ದುಪಡಿಯಾದ 2005ಕ್ಕೆ ಅಪ್ಪ ಬದುಕಿರಲೇಬೇಕು ಅಂತ ಇಲ್ಲ. 2020ರ ಆಗಸ್ಟಿನಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಇದು ತೀರ್ಮಾನವಾಗಿದೆ. "ಮದುವೆಗೆ ಬಂಗಾರ ಹಾಕಿದ್ವಲ್ಲ" ಅನ್ನುವುದು ಲೆಕ್ಕಕ್ಕೆ ಬರುವುದಿಲ್ಲ.

ಇರುವವರಿಗೆ ಪಾಲು ಇದ್ದರೆ

ನನ್ನ ಜೊತೆ ಕೆಲಸ ಮಾಡುವ ಮೇಡಂ ಒಬ್ಬರ ಅಣ್ಣ ಇಡೀ ಮನೆ ಹಿಡಿದುಕೊಂಡು ಕೂತಿದ್ದಾರೆ. ಅವರಿಗೆ ನಾನು ಹೇಳಿದ್ದು ಇಷ್ಟೇ: ಖಾಲಿ ಮಾಡಿ ಅನ್ನುವ ನೋಟಿಸ್ ಕಳಿಸಬೇಡಿ, ಪಾಲು ಕೊಡಿ ಅನ್ನುವ ನೋಟಿಸ್ ಕಳಿಸಿ. ಒಪ್ಪಿದರೆ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ವಿಭಾಗ ಪತ್ರ, ಇಲ್ಲವೇ ಒಬ್ಬರು ದುಡ್ಡು ಪಡೆದು ಹಕ್ಕು ಬಿಡುಗಡೆ ಪತ್ರ. ಊರ ಹಿರಿಯರ ಮುಂದೆ ಬಾಯಿಮಾತಲ್ಲಿ ಆದ ಪಾಲನ್ನು ನಂಬಿ ಕೂರಬೇಡಿ, ರಿಜಿಸ್ಟರ್ ಆಗಲೇಬೇಕು. ಒಪ್ಪದಿದ್ದರೆ ವಿಭಾಗ ದಾವೆ. ಕೋರ್ಟು ಮೊದಲು ಯಾರಿಗೆಷ್ಟು ಅಂತ ಪ್ರಾಥಮಿಕ ಡಿಕ್ರಿ (ತೀರ್ಪಿನ ಆದೇಶ) ಕೊಡುತ್ತದೆ, ಆಮೇಲೆ ಕೋರ್ಟು ನೇಮಿಸಿದ ಕಮಿಷನರ್ ಬಂದು ಅಳತೆ ಮಾಡುತ್ತಾರೆ, ಕೊನೆಗೆ ಅಂತಿಮ ಡಿಕ್ರಿ. ಮೂವತ್ತು ನಲವತ್ತರ ಸೈಟಿನ ಮನೆಯನ್ನು ನಾಲ್ಕು ತುಂಡು ಮಾಡಿದರೆ ಯಾರಿಗೂ ಬಚ್ಚಲೂ ಸಿಗುವುದಿಲ್ಲ. ಅಂಥ ಕಡೆ 1893ರ ವಿಭಾಗ ಕಾಯ್ದೆಯ ಪ್ರಕಾರ ಮನೆ ಮಾರಿ ದುಡ್ಡು ಹಂಚಿ ಅಂತ ಕೇಳಬಹುದು. ಆಗ ಉಳಿದ ಪಾಲುದಾರರು ಕೋರ್ಟು ಕಟ್ಟಿದ ಬೆಲೆಗೆ ನಿಮ್ಮ ಪಾಲನ್ನು ತಾವೇ ಕೊಳ್ಳುತ್ತೇವೆ ಅನ್ನಬಹುದು. ಎಷ್ಟೋ ಅಣ್ಣಂದಿರು ಮಾತಿಗೆ ಬರುವುದು ಈ ಹಂತದಲ್ಲೇ.

ಪಾಲು ಇಲ್ಲದಿದ್ದರೆ

ಭಾವ ಮೊದಲು ಹೆದರಿಸಿದ್ದು "12 ವರ್ಷ ದಾಟಿದೆ, ಮನೆ ನಂದೇ" ಅಂತ. ಊರಲ್ಲಿ ಎಲ್ಲರೂ ಇದನ್ನೇ ಹೇಳುತ್ತಾರೆ. 1963ರ ಕಾಲಮಿತಿ ಕಾಯ್ದೆಯಲ್ಲಿ 12 ವರ್ಷದ ಮಾತು ಇರುವುದು ನಿಜ. ಆದರೆ ಅದು ಮಾಲೀಕನಿಗೆ ಎದುರಾಗಿ, ಎಲ್ಲರಿಗೂ ಗೊತ್ತಾಗುವಂತೆ "ಇದು ನಂದು" ಅಂತ ಹಿಡಿದುಕೊಂಡವರಿಗೆ. ಮಾಲೀಕರು ಪ್ರೀತಿಯಿಂದ "ಇರಪ್ಪ" ಅಂದಿದ್ದಕ್ಕೆ ಇರುವವರಿಗೆ ಎಷ್ಟು ವರ್ಷ ಆದರೂ ಅದು ಸಿಗುವುದಿಲ್ಲ. ಗೋವಾದ ಒಬ್ಬ ಮಹಿಳೆ ಮತ್ತು ಅವರ ಮನೆಯಲ್ಲಿದ್ದ ಸಹೋದರನ ನಡುವಿನ ಕೇಸಿನಲ್ಲಿ, ಮಾರಿಯಾ ಮಾರ್ಗರಿದಾ ಪ್ರಕರಣ, 2012ರಲ್ಲಿ ಸುಪ್ರೀಂ ಕೋರ್ಟು ಇದನ್ನು ಬಿಡಿಸಿ ಹೇಳಿದೆ. ವಕೀಲರಿಗೆ ಈ ಹೆಸರು ಹೇಳಿ ನೋಡಿ, ಕೂಡಲೇ ಗೊತ್ತಾಗುತ್ತದೆ.

ರೇಷನ್ ಕಾರ್ಡು, ಆಧಾರ್, ಕರೆಂಟ್ ಬಿಲ್ಲು ಅವರು ಅಲ್ಲಿ ವಾಸ ಇದ್ದಾರೆ ಅಂತ ತೋರಿಸುತ್ತವೆ ಅಷ್ಟೇ. ಮನೆ ಅವರದು ಅಂತ ತೋರಿಸುವುದಿಲ್ಲ.

ಬಾಡಿಗೆ ಇಲ್ಲದೆ ಬಿಟ್ಟುಕೊಟ್ಟ ಜಾಗ ಕಾನೂನಿನಲ್ಲಿ ಬರೀ ಒಂದು ಅನುಮತಿ. 1882ರ ಅನುಭೋಗದ ಹಕ್ಕುಗಳ ಕಾಯ್ದೆ ಪ್ರಕಾರ ಅದನ್ನು ವಾಪಸ್ ತಗೊಳ್ಳಬಹುದು, ಸಾಮಾನು ಸಾಗಿಸಲು ತಕ್ಕಷ್ಟು ಸಮಯ ಕೊಡಬೇಕು. ಒಂದು ಅಪವಾದ ಇದೆ. ನಿಮ್ಮ ಅನುಮತಿ ನಂಬಿ ಅವರು ಸ್ವಂತ ಖರ್ಚಲ್ಲಿ ಶಾಶ್ವತವಾದ ಕಟ್ಟಡ ಕಟ್ಟಿದ್ದರೆ ವಾಪಸ್ ತಗೊಳ್ಳುವುದು ಕಷ್ಟ. ಭಾವ ಹಿತ್ತಲಲ್ಲಿ ಶೀಟು ಹೊದಿಸಿ ಬಚ್ಚಲು ಮಾಡಿಕೊಂಡಿದ್ದರು, ಅಷ್ಟೇ. ಮೇಲೊಂದು ಆರ್‌ಸಿಸಿ ರೂಮು ಹಾಕಿಕೊಂಡಿದ್ದರೆ ನಮ್ಮ ಕಥೆ ಬೇರೆ ಆಗುತ್ತಿತ್ತು. ನೆಂಟರು "ನನ್ನ ಖರ್ಚಲ್ಲೇ ಒಂದು ರೂಮು ಎಬ್ಬಿಸ್ತೀನಿ" ಅಂದರೆ ಸುಮ್ನೆ ತಲೆಯಾಡಿಸಬೇಡಿ.

ಮಾತಿಗೆ ಹೋಗುವ ಮೊದಲೇ ಕಾಗದ ಸರಿಮಾಡಿಕೊಳ್ಳಿ: ಮರಣ ಪ್ರಮಾಣಪತ್ರ, ನಾಡಕಚೇರಿಯಿಂದ ವಂಶವೃಕ್ಷ, ಕ್ರಯಪತ್ರದ ದೃಢೀಕೃತ ನಕಲು, ಋಣಭಾರ ಪತ್ರ (ಎಲ್ಲರೂ ಇಸಿ ಅನ್ನುವುದು ಇದಕ್ಕೇ), ಕಂದಾಯ ಕಟ್ಟಿದ ರಸೀದಿ. ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡಿಸಿ. ಖಾತೆಯೇ ಹಕ್ಕಲ್ಲ, ಆದರೂ ಅಪ್ಪನ ಹೆಸರಲ್ಲೇ ಬಿಟ್ಟರೆ ಎದುರಿನವರಿಗೆ ಮಾತಾಡಲು ಜಾಗ ಸಿಗುತ್ತದೆ.

ಆಮೇಲೆ ಮಾತು. ಅಮ್ಮನನ್ನು ಮುಂದಿಟ್ಟುಕೊಂಡು ಹೋದೆವು. "ಭಾವ, ಮನೆ ಮಾರೋಣ ಅಂತಿದ್ದೀವಿ. ನಿಮ್ಮ ಚಿಕ್ಕವಳ ಪರೀಕ್ಷೆ ಮುಗಿಯೋವರೆಗೂ ಇರಿ" ಅಂದೆ. ಅಮ್ಮ ಏನೂ ಹೇಳಲಿಲ್ಲ, ಕಾಫಿ ಮಾತ್ರ ಕುಡಿದರು. ಭಾವ "ನೋಡೋಣ ಬಿಡು" ಅಂದರು. ಈ ನೋಡೋಣಕ್ಕೆ ತಾರೀಖು ಇರುವುದಿಲ್ಲ. ಅದಕ್ಕೇ ಮಾತಾಡಿದ ಸಂಜೆಯೇ ವಾಟ್ಸಾಪಿನಲ್ಲಿ ನಯವಾಗಿ ಒಂದು ಸಾಲು ಹಾಕಿ: "ಇವತ್ತು ಮಾತಾಡಿದ ಹಾಗೆ ಏಪ್ರಿಲ್ ಕೊನೆಗೆ ಮನೆ ಬಿಟ್ಟುಕೊಡಿ ಭಾವ." ಅವರು "ಸರಿ" ಅಂತ ಬರೆದರೆ ಅದೇ ಒಂದು ಸಾಕ್ಷಿ.

ತಾರೀಖು ದಾಟಿದರೆ ವಕೀಲರ ನೋಟಿಸ್. ಬೈಗುಳ ಬೇಡ. ನಮ್ಮ ನೋಟಿಸಿನ ತಿರುಳು ಹೀಗಿತ್ತು:

"ಸದರಿ ಮನೆ ನಮ್ಮ ಕಕ್ಷಿದಾರರ ತಂದೆಯವರ ಸ್ವಯಾರ್ಜಿತ ಸ್ವತ್ತು. ಬಂಧುತ್ವದ ಕಾರಣಕ್ಕೆ ಬಾಡಿಗೆ ಇಲ್ಲದೆ ವಾಸಕ್ಕೆ ಮಾತ್ರ ನಿಮಗೆ ಅನುಮತಿ ನೀಡಲಾಗಿತ್ತು. ಆ ಅನುಮತಿಯನ್ನು ಈ ಮೂಲಕ ಹಿಂಪಡೆಯಲಾಗಿದೆ. ನೋಟಿಸ್ ತಲುಪಿದ 60 ದಿನಗಳೊಳಗೆ ಖಾಲಿ ಸ್ವಾಧೀನ ಕೊಡತಕ್ಕದ್ದು. ತಪ್ಪಿದಲ್ಲಿ ಸ್ವಾಧೀನಕ್ಕೂ ಅನಂತರದ ಬಳಕೆಯ ನಷ್ಟಕ್ಕೂ ದಾವೆ ಹೂಡಲಾಗುವುದು."

60 ದಿನ ನಾವೇ ಇಟ್ಟದ್ದು. ವಾರಸುದಾರರು ಎಲ್ಲರೂ ಸೇರಿ ಕಳಿಸಿದರೆ ಒಳ್ಳೆಯದು. ಒಬ್ಬ ತಂಗಿ "ನನಗೇನೂ ಅಭ್ಯಂತರ ಇಲ್ಲ, ಅವರು ಇರಲಿ" ಅಂದುಬಿಟ್ಟರೆ ಕೇಸು ಅಲ್ಲೇ ಸಡಿಲವಾಗುತ್ತದೆ. ತಲುಪಿದ್ದಕ್ಕೆ ಸಹಿ ವಾಪಸ್ ಬರುವಂತೆ ಕಳಿಸಿ. 2025ರಲ್ಲಿ ರಿಜಿಸ್ಟರ್ಡ್ ಪೋಸ್ಟ್ ಸ್ಪೀಡ್ ಪೋಸ್ಟಿನಲ್ಲಿ ಸೇರಿಹೋಗಿದೆ, ಕೌಂಟರಿನಲ್ಲಿ ಕೇಳಿ ಮಾಡಿಸಿ.

ಈ ನಡುವೆ ಅವರಿಂದ ದುಡ್ಡು ತಗೊಳ್ಳಬೇಡಿ. ನೋಟಿಸ್ ತಲುಪಿದ ಕೂಡಲೇ ಭಾವ ತಮ್ಮನ ಫೋನ್‌ಪೇಗೆ 3000 ಹಾಕಿ "ಬಾಡಿಗೆ" ಅಂತ ಬರೆದರು. ತಮ್ಮ ಅದೇ ದಿನ ವಾಪಸ್ ಹಾಕಿದ. ಇಟ್ಟುಕೊಂಡಿದ್ದರೆ ಅವರು ಬಾಡಿಗೆದಾರ ಅಂತ ವಾದ ಹೂಡುತ್ತಿದ್ದರು, ಆಗ ಕಾನೂನೇ ಬದಲಾಗುತ್ತದೆ.

ಬೀಗ ಬದಲಾಯಿಸುವುದು, ಕರೆಂಟು ತೆಗೆಸುವುದು, ನಾಲ್ಕು ಜನ ಕರೆದುಕೊಂಡು ಹೋಗುವುದು, ಇವು ಬೇಡವೇ ಬೇಡ. ಬಲವಂತವಾಗಿ ಹೊರಹಾಕಿದರೆ ಅವರು 6 ತಿಂಗಳೊಳಗೆ ದಾವೆ ಹಾಕಿ ವಾಪಸ್ ಬರಬಹುದು. ಅಲ್ಲಿ ಮನೆ ಯಾರದು ಅಂತ ಕೋರ್ಟು ಕೇಳುವುದೇ ಇಲ್ಲ. ನಮ್ಮ ರಾಜ್ಯದಿಂದಲೇ ಹೋದ ರಾಮೇಗೌಡ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದ್ದೂ ಇದನ್ನೇ: ನೆಲೆಯಾಗಿ ಕೂತವರನ್ನು ನಿಜವಾದ ಮಾಲೀಕನೂ ಕಾನೂನಿನ ಮೂಲಕವೇ ಎಬ್ಬಿಸಬೇಕು. ಪೊಲೀಸರ ಹತ್ತಿರ ಹೋದರೆ "ಸಿವಿಲ್ ಮ್ಯಾಟರ್" ಅಂತ ಕಳಿಸುತ್ತಾರೆ. ಬೇಜಾರಾದರೂ ಅವರು ಹೇಳುವುದು ಸರಿಯೇ.

ನೋಟಿಸಿನ ಜೊತೆಗೇ ಕೋರ್ಟಿನಲ್ಲಿ ಕೇವಿಯಟ್ ಹಾಕಿಡಿ. ಅದು 90 ದಿನ ನಡೆಯುತ್ತದೆ. ಅವರು ತಡೆಯಾಜ್ಞೆ ಕೇಳಲು ಓಡಿದರೆ ನಿಮಗೆ ತಿಳಿಸದೆ ಆದೇಶ ಆಗುವುದಿಲ್ಲ. ಆಮೇಲೆ ಸ್ವಾಧೀನ ಕೋರಿ ದಾವೆ. ಗೆದ್ದಮೇಲೂ ಬಿಡದಿದ್ದರೆ ತೀರ್ಪು ಜಾರಿ ಮಾಡಿಸುವ ಅಮಲ್ಜಾರಿ ಅರ್ಜಿ, ಕೋರ್ಟಿನ ಅಮೀನರು ಬಂದು ಬಿಡಿಸಿಕೊಡುತ್ತಾರೆ. ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ತಾಲ್ಲೂಕು ಕಾನೂನು ಸೇವಾ ಸಮಿತಿಯಿಂದ ಉಚಿತ ವಕೀಲರು ಸಿಗುತ್ತಾರೆ. ಎಷ್ಟೋ ಜನಕ್ಕೆ ಇದು ಗೊತ್ತೇ ಇಲ್ಲ.

ಅಪ್ಪನೋ ಅಮ್ಮನೋ ಬದುಕಿದ್ದು, ಮನೆ ಅವರದೇ ಆಗಿ, ಕೂತ ಮಗ ಅವರನ್ನು ನೋಡಿಕೊಳ್ಳುತ್ತಿಲ್ಲ ಅಂದರೆ 2007ರ ಹಿರಿಯ ನಾಗರಿಕರ ಕಾಯ್ದೆಯಡಿ ಎ.ಸಿ. (ಉಪವಿಭಾಗಾಧಿಕಾರಿ) ಕಚೇರಿಗೆ ಅರ್ಜಿ ಕೊಡಬಹುದು. ನೋಡಿಕೊಳ್ಳಬೇಕು ಅನ್ನುವ ಷರತ್ತಿನ ಮೇಲೆ ಬರೆದುಕೊಟ್ಟ ದಾನಪತ್ರವನ್ನೂ ಅಲ್ಲಿ ರದ್ದು ಮಾಡಿಸಬಹುದು.

ದುಡ್ಡು ಕೊಟ್ಟು ಬಿಡಿಸುವುದು

ನಮ್ಮದು ದಾವೆವರೆಗೆ ಹೋಗಲಿಲ್ಲ. ಭಾವ ನೋಡಿಟ್ಟ ಬಾಡಿಗೆ ಮನೆಗೆ ಅಡ್ವಾನ್ಸು, ಸಾಮಾನು ಸಾಗಿಸುವ ಟೆಂಪೋ, ಆ ಬಚ್ಚಲಿನ ಶೀಟಿನ ಬೆಲೆ, ಎಲ್ಲ ನಾವೇ ಕೊಟ್ಟೆವು. ತಂಗಿಗೆ ಸಿಟ್ಟು ಬಂತು, "ನಮ್ಮ ಮನೆ ಬಿಡಿಸೋಕೆ ನಾವೇ ದುಡ್ಡು ಕೊಡಬೇಕಾ" ಅಂತ. ವಕೀಲರ ಫೀಸಿನ ಲೆಕ್ಕ ಹಾಕಿ ತೋರಿಸಿದ ಮೇಲೆ ಸುಮ್ಮನಾದಳು. ಅವಳ ಸಿಟ್ಟೂ ತಪ್ಪಲ್ಲ ಬಿಡಿ.

ಕೊಡುವುದಾದರೆ ಅರ್ಧ ಮೊದಲು, ಅರ್ಧ ಕೀ ಕೈಗೆ ಬಂದಮೇಲೆ. ಆಗ ಬರೆಸಿಕೊಳ್ಳುವ ಕಾಗದಕ್ಕೆ "ಹಕ್ಕು ಬಿಡುಗಡೆ ಪತ್ರ" ಅಂತ ಹೆಸರಿಡಬೇಡಿ. ಇಲ್ಲದ ಹಕ್ಕನ್ನು ಬಿಡುವುದು ಹೇಗೆ, ಅಲ್ವಾ? "ಅನುಮತಿಯ ಮೇರೆಗೆ ವಾಸವಿದ್ದ ಮನೆಯ ಸ್ವಾಧೀನವನ್ನು ಇಂದು ಮಾಲೀಕರಿಗೆ ಒಪ್ಪಿಸಿದ್ದೇನೆ, ನನಗೂ ನನ್ನ ಕುಟುಂಬಕ್ಕೂ ಇದರಲ್ಲಿ ಯಾವ ಹಕ್ಕೂ ಇಲ್ಲ" ಅಂತಿರಲಿ. ಹೆಂಡತಿ, ದೊಡ್ಡ ಮಕ್ಕಳ ಸಹಿಯೂ ಇರಲಿ, ಜೊತೆಗೆ ಇಬ್ಬರು ಸಾಕ್ಷಿ. ಒಂದು ಸಾಕ್ಷಿ ಅವರ ಕಡೆಯವರೇ ಆದರೆ ಇನ್ನೂ ಒಳ್ಳೆಯದು. ಖಾಲಿ ರೂಮುಗಳ ವಿಡಿಯೋ ಮಾಡಿಕೊಂಡು ಅದೇ ದಿನ ಬೀಗ ಬದಲಾಯಿಸಿ. ಕರೆಂಟ್ ಬಾಕಿ ಎಷ್ಟಿದೆ ಅಂತ ಸೆಸ್ಕ್ ಕಚೇರಿಯಲ್ಲಿ ನೋಡಿಕೊಳ್ಳಿ. ಗ್ಯಾಸ್, ರೇಷನ್ ಕಾರ್ಡು, ವೋಟರ್ ಲಿಸ್ಟಿನ ವಿಳಾಸ ಬದಲಾಯಿಸಿಕೊಳ್ಳಲು ಅವರಿಗೆ ಹೇಳಿ. ಮಾರುವವರೆಗೆ ಮನೆ ಖಾಲಿ ಬಿಡುವ ಬದಲು 11 ತಿಂಗಳ ಕರಾರು ಮಾಡಿ ಬಾಡಿಗೆಗೆ ಕೊಡಿ. ನೆಂಟರಿಗಲ್ಲ.